ವಿಡಿಯೋ ಎಡಿಟಿಂಗ್‌ಗೆ ಯಾವ ಡ್ರೈವ್? ಮಲೆನಾಡಿನ ಎಡಿಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ರೂಮ್ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಜೊತೆಗೆ ಬೆಳಗಿನವರೆಗೆ ನಡೆಯುವ ಯಕ್ಷಗಾನ. ಇವೇ ನನ್ನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಡ್ರೈವ್ ಬಗ್ಗೆಯೇ ಇರುತ್ತವೆ. ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಬೆಲೆ ಮಾತ್ರ ಬರೆದಿಲ್ಲ. ಅದು ಅಡಿಕೆ ರೇಟಿನ ಹಾಗೆ, ಇವತ್ತಿದ್ದದ್ದು ನಾಳೆ ಇರುವುದಿಲ್ಲ.

ಅಣ್ಣಾ, ಜಾಸ್ತಿ ತಲೆ ತಿನ್ನಬೇಡಿ. ಯಾವುದು ತಗೊಳ್ಳಲಿ, ಅಷ್ಟು ಹೇಳಿ.

ಒಂದು ಡ್ರೈವ್ ಹೆಸರು ಹೇಳಿದರೆ ಅದು ತಪ್ಪು ಉತ್ತರ. ಮೂರು ಬೇಕು. ಈಗ ನಡೆಯುತ್ತಿರುವ ಕೆಲಸಕ್ಕೆ 1 ಅಥವಾ 2 ಟಿಬಿಯ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ವೇಗದ ಡ್ರೈವ್. ಮುಗಿದ ಕೆಲಸ ಇಡುವುದಕ್ಕೆ ಎರಡು ದೊಡ್ಡ ಹಾರ್ಡ್ ಡಿಸ್ಕ್, ಎರಡರಲ್ಲೂ ಅದೇ ಫುಟೇಜ್. ವೇಗ ಬೇಕಾದದ್ದು ಎಡಿಟ್ ಮಾಡುವಾಗ, ಜಾಗ ಬೇಕಾದದ್ದು ಎತ್ತಿಡುವಾಗ. ಎರಡನ್ನೂ ಒಂದೇ ಡ್ರೈವಿನಿಂದ ವಸೂಲಿ ಮಾಡಲು ಹೋದವರೇ ಕೊನೆಗೆ ನನಗೆ ಫೋನ್ ಮಾಡುವುದು.

ಎಷ್ಟು ಟಿಬಿ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಕ್ಯಾಮೆರಾ ಮೆನುವಿನಲ್ಲಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವುದನ್ನು ನೋಡಿ. 4ಕೆ ರೆಕಾರ್ಡಿಂಗ್ ಸೆಕೆಂಡಿಗೆ 100 ಮೆಗಾಬಿಟ್ ಅಂತಿದೆ ಅಂದುಕೊಳ್ಳಿ. ಅದನ್ನು 8ರಿಂದ ಭಾಗಿಸಿದರೆ 12.5 ಮೆಗಾಬೈಟ್, ಅಂದರೆ ಗಂಟೆಗೆ 45 ಜಿಬಿ. ಬಿಟ್‌ಗೂ ಬೈಟ್‌ಗೂ ಎಂಟು ಪಟ್ಟು ವ್ಯತ್ಯಾಸ. ಬಹಳ ಜನ ಎಡವುವುದು ಇಲ್ಲೇ.

ಈಗ ಒಂದು ಯಕ್ಷಗಾನ ತೆಗೆದುಕೊಳ್ಳಿ. ಮೂರು ಕ್ಯಾಮೆರಾ, ಎಂಟು ಗಂಟೆ, ಗಂಟೆಗೆ 45 ಜಿಬಿ. ಒಟ್ಟು 1,080 ಜಿಬಿ. ಒಂದೇ ರಾತ್ರಿಗೆ 1 ಟಿಬಿ ದಾಟಿತು. ಚಂಡೆ ಮದ್ದಳೆಯ ಆಡಿಯೋ ಬೇರೆ ರೆಕಾರ್ಡರ್‌ನಲ್ಲಿ ಇದ್ದರೆ ಅದೂ ಸೇರಿತು, ಆದರೆ ಆಡಿಯೋ ಲೆಕ್ಕ ಚಿಲ್ಲರೆ. ಮದುವೆಯಲ್ಲಿ ಎಲ್ಲ ಕ್ಯಾಮೆರಾ ಸೇರಿ 12 ಗಂಟೆ ರೆಕಾರ್ಡಿಂಗ್ ಆದರೆ 540 ಜಿಬಿ.

ಪ್ರೊರೆಸ್‌ನಲ್ಲಿ, ಅಂದರೆ ಕಡಿಮೆ ಒತ್ತಿ ದೊಡ್ಡ ದೊಡ್ಡ ಫೈಲ್ ಮಾಡುವ ಫಾರ್ಮ್ಯಾಟ್‌ನಲ್ಲಿ, ಶೂಟ್ ಮಾಡುವವರ ಲೆಕ್ಕವೇ ಬೇರೆ. ಪ್ರೊರೆಸ್ 422 ಎಚ್‌ಕ್ಯೂ, 4ಕೆ, 25 ಫ್ರೇಮ್ ಅಂದರೆ ಗಂಟೆಗೆ ಸುಮಾರು 330 ಜಿಬಿ. ಅದೇ ಯಕ್ಷಗಾನವನ್ನು ಹೀಗೆ ತೆಗೆದರೆ ಸುಮಾರು 8 ಟಿಬಿ ಬೇಕು. ಭಾಗವತರ ಪದ್ಯಕ್ಕೆ ಅಷ್ಟು ಬಿಟ್‌ರೇಟ್ ಯಾಕೆ ಅಂತ ಒಮ್ಮೆ ಯೋಚಿಸಿ.

ಎಡಿಟ್ ಶುರುವಾದ ಮೇಲೆ ಕ್ಯಾಶ್ (ಸಾಫ್ಟ್‌ವೇರ್ ಮಾಡಿಕೊಳ್ಳುವ ತಾತ್ಕಾಲಿಕ ಫೈಲ್), ಪ್ರಾಕ್ಸಿ (ಎಡಿಟ್‌ಗೆಂದು ಮಾಡಿಕೊಳ್ಳುವ ಫುಟೇಜಿನ ಹಗುರ ನಕಲು), ಎಕ್ಸ್‌ಪೋರ್ಟ್ ಅಂತ ಇನ್ನಷ್ಟು ತುಂಬುತ್ತದೆ. ಫುಟೇಜ್ 500 ಜಿಬಿ ಇದ್ದರೆ ಕೆಲಸದ ಡ್ರೈವಿನಲ್ಲಿ 750 ಆದರೂ ಖಾಲಿ ಇಟ್ಟುಕೊಳ್ಳಿ.

1 ಟಿಬಿ ಡ್ರೈವ್ ತಂದೆ, ಕಂಪ್ಯೂಟರ್ 931 ಜಿಬಿ ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರಾ?

ಇಲ್ಲ. ಡ್ರೈವ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಡ್ರೈವ್ ಸರಿಯಾಗಿಯೇ ಇದೆ.

ಟೈಮ್‌ಲೈನ್ ನಿಂತು ನಿಂತು ಓಡುತ್ತಿದೆ. ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತಾ?

ದುಡ್ಡು ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಟೈಮ್‌ಲೈನ್ ಪ್ಲೇ ಮಾಡಿ. ಡಿಸ್ಕ್ 100 ಪರ್ಸೆಂಟ್ ಮುಟ್ಟುತ್ತಿದ್ದರೆ ಡ್ರೈವಿನ ತಪ್ಪು. ಡಿಸ್ಕ್ 5, 10 ಪರ್ಸೆಂಟಿನಲ್ಲಿ ಆರಾಮಾಗಿದ್ದು ಸಿಪಿಯು ಏದುಸಿರು ಬಿಡುತ್ತಿದ್ದರೆ ಎಷ್ಟು ದುಬಾರಿ ಎಸ್‌ಎಸ್‌ಡಿ ಹಾಕಿದರೂ ಪ್ರಯೋಜನವಿಲ್ಲ.

ಸೆಕೆಂಡಿಗೆ 12.5 ಎಂಬಿ ಓದುವುದು ಯಾವ ಹಾರ್ಡ್ ಡಿಸ್ಕಿಗೂ ಭಾರವಲ್ಲ. ಎಚ್.264, ಎಚ್.265 ಫೈಲ್‌ಗಳು ಒತ್ತಿ ಒತ್ತಿ ಗಂಟು ಕಟ್ಟಿದ ಹಾಗೆ ಇರುತ್ತವೆ. ಆ ಗಂಟು ಬಿಚ್ಚುವ ಕೆಲಸ ಸಿಪಿಯು, ಜಿಪಿಯುವಿನದು. ಬಣ್ಣದ ಮಾಹಿತಿ ಜಾಸ್ತಿ ಇರುವ 10 ಬಿಟ್ 4:2:2 ಎಚ್.265 ಆದರಂತೂ ಎಷ್ಟೋ ಲ್ಯಾಪ್‌ಟಾಪ್‌ಗಳು ಕೈ ಚೆಲ್ಲುತ್ತವೆ. ಅದಕ್ಕೆ ಮದ್ದು ಪ್ರಾಕ್ಸಿ. ರಾತ್ರಿ ಮಲಗುವಾಗ ಪ್ರಾಕ್ಸಿಗೆ ಹಾಕಿ, ಬೆಳಿಗ್ಗೆ ಎದ್ದು ಎಡಿಟ್ ಮಾಡಿ. ಖರ್ಚಿಲ್ಲ.

ಹಾಗಾದರೆ ಹಾರ್ಡ್ ಡಿಸ್ಕ್ ಮೇಲೇ ಎಡಿಟ್ ಮಾಡಬಹುದಲ್ವಾ?

ಒಂದೇ ಕ್ಯಾಮೆರಾ ಇದ್ದರೆ ಮಾಡಬಹುದು. ಹಲವು ಕ್ಯಾಮೆರಾ ಒಟ್ಟಿಗೆ ಓಡಿಸುವ ಮಲ್ಟಿಕ್ಯಾಮ್‌ಗೆ ಬೇಡ. 7,200 ಆರ್‌ಪಿಎಂ ಡಿಸ್ಕ್ ಒಂದು ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 150ರಿಂದ 250 ಎಂಬಿ ಕೊಡುತ್ತದೆ. ಮೂರು ಕ್ಯಾಮೆರಾಕ್ಕೆ ಬೇಕಾದದ್ದು 37.5 ಮಾತ್ರ. ಕಾಗದದ ಮೇಲೆ ಧಾರಾಳ ಉಳಿಯುತ್ತದೆ. ಆದರೆ ಡಿಸ್ಕಿನ ಒಳಗೆ ಓದುವ ಹೆಡ್‌ಗಳೆಲ್ಲ ಒಂದೇ ತೋಳಿಗೆ ಕಟ್ಟಿಕೊಂಡು ಒಟ್ಟಿಗೇ ಓಡಾಡುತ್ತವೆ. ಮೂರು ಫೈಲ್ ಮೂರು ಕಡೆ ಇದ್ದರೆ ಅತ್ತ ಇತ್ತ ಜಿಗಿಯಬೇಕು, ಪ್ರತಿ ಜಿಗಿತಕ್ಕೂ ಸುಮಾರು 10 ಮಿಲಿಸೆಕೆಂಡ್. ಮೂರು ಪಂಕ್ತಿಗೆ ಒಬ್ಬನೇ ಸಾರು ಬಡಿಸುವ ಹಾಗೆ. ಬಕೆಟ್ಟಿನಲ್ಲಿ ಸಾರು ಬೇಕಾದಷ್ಟಿದೆ, ಓಡಾಟದಲ್ಲೇ ಊಟ ತಡ. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ.

ಸಾಟಾ ಎಸ್‌ಎಸ್‌ಡಿ ಸಾಕಾ, 7,000 ಎಂಬಿ ವೇಗದ ಎನ್‌ವಿಎಂಇ ಬೇಕಾ?

ಎರಡೂ ಎಸ್‌ಎಸ್‌ಡಿಯನ್ನು ಕಂಪ್ಯೂಟರಿಗೆ ಜೋಡಿಸುವ ಬಗೆ, ಸಾಟಾ ಹಳೆಯದು, ಎನ್‌ವಿಎಂಇ ಹೊಸದು. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿಯಲ್ಲಿ ನಿಲ್ಲುತ್ತದೆ. ಜೆನ್ 3, ಅಂದರೆ ಮೂರನೇ ತಲೆಮಾರಿನ ಎನ್‌ವಿಎಂಇ 3,500ರ ಹತ್ತಿರ, ಜೆನ್ 4 ಆದರೆ 7,000ದ ಹತ್ತಿರ. ಮದುವೆ ಕೆಲಸಕ್ಕೆ ಸಾಟಾ ಕೂಡ ಸಾಕು, ಸುಳ್ಳು ಹೇಳುವುದಿಲ್ಲ. ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಎನ್‌ವಿಎಂಇ ತಗೊಳ್ಳಿ. 7,000 ಅನ್ನುವ ಅಂಕಿಗೆ ಮರುಳಾಗಿ 1 ಟಿಬಿ ತರುವ ಬದಲು ಅದೇ ದುಡ್ಡಿಗೆ ನಿಧಾನದ 2 ಟಿಬಿ ಸಿಕ್ಕರೆ ನಾನು ಎರಡನೆಯದನ್ನೇ ತರುತ್ತೇನೆ.

ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಸ್ಲಾಟ್ ಯಾವುದು ಅಂತ ನೋಡಿಕೊಳ್ಳಿ. ತೆಳ್ಳಗಿನ ಪಟ್ಟಿಯಂಥ ಎಂ.2 ಆಕಾರದಲ್ಲಿ ಸಾಟಾವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಹಳೆಯ ಮಷಿನ್‌ಗಳಲ್ಲಿ ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ.

ಹೊಸ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ, ಆದರೂ ಕಾಪಿ ಆಮೆ ಹಾಗೆ ಹೋಗುತ್ತಿದೆ. ಯಾಕೆ?

ಕೇಬಲ್ ತೋರಿಸಿ. ನಿಜವಾಗಿ, ಮೊದಲು ಕೇಬಲ್.

ತೀರ್ಥಹಳ್ಳಿಯಿಂದ ಒಬ್ಬ ಹುಡುಗ ಡ್ರೈವ್ ಕೆಟ್ಟಿದೆ ಅಂತ ಬಸ್ ಹತ್ತಿ ಬಂದಿದ್ದ. ಟೆಸ್ಟ್ ಹಾಕಿದೆ, ಸೆಕೆಂಡಿಗೆ 38 ಎಂಬಿ. ಡ್ರೈವ್ ತಿರುಗಿಸಿ ನೋಡಿದೆ, ಚೆನ್ನಾಗಿದೆ. ಆಮೇಲೆ ವೈರ್ ನೋಡಿದರೆ ತೆಳ್ಳಗಿನ ಬಿಳಿ ವೈರ್, ಮೊಬೈಲ್ ಚಾರ್ಜರ್ ಜೊತೆ ಬಂದದ್ದು. ಡ್ರೈವ್ ಜೊತೆ ಕೊಟ್ಟ ಗಿಡ್ಡ ಕೇಬಲ್ ಡಬ್ಬಿಯಲ್ಲೇ ಇತ್ತು, "ಉದ್ದ ಸಾಲಲ್ಲ ಅಂತ ಬಿಟ್ಟಿದ್ದೆ ಸರ್" ಅಂದ. ಅದನ್ನು ಹಾಕಿದೆವು. 900 ದಾಟಿತು. ಕಾಫಿ ಕುಡಿಸಿ ಕಳಿಸಿದೆ.

ಚಾರ್ಜಿಂಗ್ ಕೇಬಲ್‌ಗಳು ಸಾಮಾನ್ಯವಾಗಿ ಯುಎಸ್‌ಬಿ 2 ವೇಗದವು, ನಿಜವಾಗಿ ಸಿಗುವುದು 40 ಎಂಬಿ ಆಸುಪಾಸು. 5 ಗಿಗಾಬಿಟ್ ಯುಎಸ್‌ಬಿ 3ರಲ್ಲಿ 400ರ ಮೇಲೆ ಸಿಗುತ್ತದೆ, 10 ಗಿಗಾಬಿಟ್‌ನಲ್ಲಿ 1,000ದ ಹತ್ತಿರ. 500 ಜಿಬಿ ಕಾಪಿ ಮಾಡಲು 40ರಲ್ಲಾದರೆ ಮೂರೂವರೆ ಗಂಟೆ, 400ರಲ್ಲಾದರೆ 21 ನಿಮಿಷ. ಪೋರ್ಟ್ ಕೂಡ ನೋಡಿ. ಡೆಸ್ಕ್‌ಟಾಪ್‌ನ ಮುಂದಿನ ಕಪ್ಪು ಪೋರ್ಟ್ ಬಹಳ ಸಲ ಯುಎಸ್‌ಬಿ 2 ಆಗಿರುತ್ತದೆ.

ಎಸ್‌ಎಸ್‌ಡಿ ಮೊದಲು ಜೋರಾಗಿ ಓಡಿ ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಇದೂ ಕೇಬಲ್ಲಾ?

ಅಲ್ಲ, ಇದು ಕ್ಯಾಶ್ ಆಟ. ಎಸ್‌ಎಸ್‌ಡಿ ತನ್ನೊಳಗಿನ ಒಂದಷ್ಟು ಜಾಗವನ್ನು ವೇಗದ ಕಟ್ಟೆಯ ಹಾಗೆ ಬಳಸುತ್ತದೆ. ಬಂದ ಡೇಟಾ ಮೊದಲು ಅಲ್ಲಿ ಬೀಳುತ್ತದೆ, ಆಮೇಲೆ ನಿಧಾನವಾಗಿ ಒಳಗೆ ಹೋಗುತ್ತದೆ. ಕಟ್ಟೆ ತುಂಬಿದರೆ ಅಸಲಿ ವೇಗ ಹೊರಬೀಳುತ್ತದೆ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಡ್ರೈವ್‌ಗಳಲ್ಲಿ ಅದು ಹಾರ್ಡ್ ಡಿಸ್ಕಿಗಿಂತ ಕಡಿಮೆಗೆ ಇಳಿದದ್ದೂ ಇದೆ. ಮೂರು ಬಿಟ್‌ನ ಟಿಎಲ್‌ಸಿ ಇಷ್ಟು ಹದಗೆಡುವುದಿಲ್ಲ.

ಆಫೀಸ್ ಕೆಲಸದವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಉಸಿರಿಗೆ 300 ಜಿಬಿ ಸುರಿಯುವ ನಮಗೆ ಗೊತ್ತಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ "ಟಿಎಲ್‌ಸಿ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಡ್ರೈವ್ ಪೂರ್ತಿ ತುಂಬಿಸಲೂ ಬೇಡಿ. ಜಾಗ ಕಡಿಮೆಯಾದ ಹಾಗೆ ಆ ಕಟ್ಟೆಯೂ ಚಿಕ್ಕದಾಗುತ್ತದೆ.

ಜೇಬಿನಲ್ಲಿ ಹಿಡಿಯುವ 4 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಹೇಗೆ?

ಎತ್ತಿಡಲು ಆಗಬಹುದು. ಅದರ ಮೇಲೆ ಎಡಿಟ್ ಬೇಡ. ಈ ಚಿಕ್ಕ ಡಿಸ್ಕ್‌ಗಳು ಈಗ ಹೆಚ್ಚಾಗಿ ಎಸ್‌ಎಂಆರ್ ಪದ್ಧತಿಯವು. ನಮ್ಮ ಹಂಚಿನ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಂಚಿನ ಮೇಲೆ ಹಂಚು ಅರ್ಧ ಹತ್ತಿ ಕೂತ ಹಾಗೆ ಡೇಟಾದ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಹೊಸದಾಗಿ ಸಾಲಾಗಿ ಹೊದಿಸುವಾಗ ತೊಂದರೆ ಇಲ್ಲ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಹತ್ತಿ ಕೂತದ್ದನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಅಳಿಸಿ ಬರೆದು, ಅಳಿಸಿ ಬರೆದು ಮಾಡಿದರೆ ಈ ಡಿಸ್ಕ್ ಮಂಕಾಗುವುದು ಇದಕ್ಕೇ.

ಡಬ್ಬಿಯ ಮೇಲೆ ಇದನ್ನು ಬರೆದಿರುವುದು ಅಪರೂಪ. 3.5 ಇಂಚಿನ ದೊಡ್ಡ ಡಿಸ್ಕ್ ಕೊಳ್ಳುವಾಗ ಮಾಡೆಲ್ ನಂಬರ್ ಹಾಕಿ ಸಿಎಂಆರ್ (ಪಟ್ಟಿಗಳು ಒಂದರ ಮೇಲೊಂದು ಹತ್ತದ ಪದ್ಧತಿ) ಹೌದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ.

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ 16 ಟಿಬಿ ಎಸ್‌ಎಸ್‌ಡಿ ಇದೆ. ತಗೊಳ್ಳಲಾ?

ಬೇಡವೇ ಬೇಡ. ಒಳಗೆ ಒಂದು ಚಿಕ್ಕ ಮೆಮೊರಿ ಕಾರ್ಡ್ ಅಂಟಿಸಿ, ಕಂಪ್ಯೂಟರಿಗೆ 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಫೈಲ್ ಹೆಸರು ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಆಗಲೇ ತಂದಾಗಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ, ಬಣ್ಣ ಬಯಲಾಗುತ್ತದೆ.

ಎಡಿಟಿಂಗ್‌ಗೆ ಬಳಸಿದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದಂತೆ?

ಸವೆಯುವುದು ನಿಜ, ಬೇಗ ಅನ್ನುವುದು ಸುಳ್ಳು. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವಿಗೆ 600 ಟಿಬಿ ಬರೆಯುವವರೆಗೆ ವಾರಂಟಿ ಕೊಡುವುದು ಸಾಮಾನ್ಯ. ದಿನಾ 100 ಜಿಬಿ ಬರೆದರೂ ಹದಿನಾರು ವರ್ಷ. ಅಷ್ಟರಲ್ಲಿ ನಿಮ್ಮ ಲ್ಯಾಪ್‌ಟಾಪ್ ಗುಜರಿ ಸೇರಿರುತ್ತದೆ.

ಮಳೆಗಾಲದ ಥಂಡಿಗೆ ಡ್ರೈವ್ ಹಾಳಾಗುತ್ತಾ?

ಬೇರೆ ಊರಿನ ಎಡಿಟರ್ ಕೇಳದ ಪ್ರಶ್ನೆ ಇದು. ನಮಗೆ ಇದೇ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಪುನರ್ವಸು ಮಳೆ ಹಿಡಿಯಿತು ಅಂದರೆ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಬರುವ ಊರು ನಮ್ಮದು. ಲೆನ್ಸ್‌ಗೆ ಫಂಗಸ್ ಬರುವುದು ಎಲ್ಲರಿಗೂ ಗೊತ್ತು, ಡ್ರೈವ್ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಸಾಮಾನ್ಯ ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ. ಗಾಳಿಯ ಒತ್ತಡ ಸರಿದೂಗಿಸಲು ಫಿಲ್ಟರ್ ಇರುವ ಒಂದು ಸಣ್ಣ ತೂತು ಇರುತ್ತದೆ. ಹೀಲಿಯಂ ತುಂಬಿದ ದೊಡ್ಡ ಡಿಸ್ಕ್‌ಗಳು ಮಾತ್ರ ಪೂರ್ತಿ ಸೀಲ್ ಆಗಿರುತ್ತವೆ. ಹಾಗಂತ ಬರೀ ಹಸಿ ಗಾಳಿಗೆ ಡಿಸ್ಕ್ ಸಾಯುವುದಿಲ್ಲ. ಕೆಡಿಸುವುದು ನೀರು ಹನಿಗಟ್ಟುವುದು, ಕನೆಕ್ಟರ್‌ಗೆ ತುಕ್ಕು ಹಿಡಿಯುವುದು. ಎಸಿ ಕಾರಿನಿಂದ ಇಳಿಸಿದ ತಣ್ಣಗಿನ ಡ್ರೈವನ್ನು ಹೊರಗಿನ ಹಸಿ ಗಾಳಿಯಲ್ಲಿ ತಕ್ಷಣ ಚಾಲು ಮಾಡಬೇಡಿ. ಚೀಲದಲ್ಲೇ ಅರ್ಧ ಗಂಟೆ ಬಿಡಿ.

ಇಡಲು ಗಾಳಿಯಾಡದ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಅಂತ ಅರ್ಥ, ಒಣಗಿಸಿ ಮತ್ತೆ ಹಾಕಬೇಕು. ಒಣಗಿಸಲು ಅಡುಗೆ ಬಾಣಲೆ ಮುಟ್ಟಬೇಡಿ, ಆ ನೀಲಿ ಬಣ್ಣದಲ್ಲಿರುವುದು ಕೋಬಾಲ್ಟ್ ಕ್ಲೋರೈಡ್, ವಿಷ. ಕ್ಯಾಮೆರಾಕ್ಕೆ ಡ್ರೈ ಕ್ಯಾಬಿನೆಟ್ ಇದ್ದರೆ ಅದರಲ್ಲೇ ಒಂದು ಅಂಕಣ ಡ್ರೈವ್‌ಗೆ ಬಿಟ್ಟುಕೊಡಿ.

ಬಚ್ಚಲ ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಡ್ರೈವ್ ಇಟ್ಟವರನ್ನು ಕಂಡಿದ್ದೇನೆ. ಬಿತ್ತನೆ ಬೀಜಕ್ಕೆ ಅದು ಸರಿ. ಹೊಗೆ, ಮಸಿ, ಬಿಸಿ, ಮೂರೂ ಡ್ರೈವಿಗೆ ಆಗಿಬರುವುದಿಲ್ಲ.

ಕರೆಂಟ್ ಪದೇ ಪದೇ ಹೋಗುತ್ತೆ. ಏನು ಮಾಡೋದು?

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಅಂತ ಧೈರ್ಯವಾಗಿರುತ್ತೀರಿ. ಆದರೆ 3.5 ಇಂಚಿನ ಎಕ್ಸ್‌ಟರ್ನಲ್ ಡಿಸ್ಕ್ ಓಡುವುದು ಗೋಡೆಯ ಅಡಾಪ್ಟರ್ ಮೇಲೆ. ಕರೆಂಟ್ ಹೋದ ಕ್ಷಣ ಡಿಸ್ಕ್ ಆಫ್, ಬರೆಯುತ್ತಿದ್ದ ಫೈಲ್ ಅರ್ಧಕ್ಕೆ. ಆ ಅಡಾಪ್ಟರ್ ಕೂಡ ಯುಪಿಎಸ್‌ಗೇ ಹೋಗಬೇಕು. ಯುಎಸ್‌ಬಿಯಿಂದಲೇ ಓಡುವ ಪೋರ್ಟಬಲ್‌ಗೆ ಈ ಕಷ್ಟವಿಲ್ಲ.

ಮನೆ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಆ ಚಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಯಾವ ಯುಪಿಎಸ್ ಮೇಲೂ ಭರವಸೆ ಬೇಡ. ಪ್ಲಗ್ ಕಿತ್ತಿಡಿ.

ಒಂದೇ ಒಳ್ಳೆ ಡ್ರೈವ್ ಇದ್ದರೆ ಎರಡನೇ ಕಾಪಿ ಯಾಕೆ?

ನಾನೂ ಹೀಗೇ ಅಂದುಕೊಂಡಿದ್ದೆ. ಹೊಸನಗರ ಕಡೆ ಒಂದು ಮದುವೆ. ಹಿಂದಿನ ದಿನದ ಕಾರ್ಯಕ್ರಮ, ಮುಹೂರ್ತ ಎಲ್ಲ ಸೇರಿ ನಾಲ್ಕು ಕಾರ್ಡ್. ಸಂಜೆ ರಿಸೆಪ್ಷನ್‌ಗೆ ಕಾರ್ಡ್ ಖಾಲಿ ಬೇಕಿತ್ತು. ಪೋರ್ಟಬಲ್ ಡಿಸ್ಕಿಗೆ ಕಾಪಿ ಮಾಡಿ ಮೂರು ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಡಿಸ್ಕ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಇನ್ನೂ ತಿರುಗುತ್ತಿತ್ತು. ಹೂವಿನ ಬುಟ್ಟಿ ಹೊತ್ತು ಬಂದ ಹುಡುಗನ ಕಾಲಿಗೆ ವೈರ್ ಸಿಕ್ಕಿತು. ಬಿದ್ದದ್ದು ಮೊಣಕಾಲೆತ್ತರದಿಂದ, ಅಷ್ಟೇ. ಎತ್ತಿ ಮತ್ತೆ ಹಾಕಿದರೆ ಟಿಕ್, ಟಿಕ್, ಟಿಕ್.

ಬೆಂಗಳೂರಿನ ಒಂದು ರಿಕವರಿ ಲ್ಯಾಬ್‌ಗೆ ಕೊಟ್ಟೆ. ಆ ಮದುವೆಯಲ್ಲಿ ನನಗೆ ಸಿಕ್ಕ ದುಡ್ಡಿಗಿಂತ ಜಾಸ್ತಿ ಬಿಲ್ ಆಯಿತು. ಅರ್ಧ ಫುಟೇಜ್ ಬಂತು. ಧಾರೆ ಎರೆದದ್ದು ಬರಲಿಲ್ಲ. ಫಾರ್ಮ್ಯಾಟ್ ಆಗದೆ ಉಳಿದ ನಾಲ್ಕನೇ ಕಾರ್ಡಿನಲ್ಲಿ ಮಂಟಪದ ಹಿಂದಿನಿಂದ ತೆಗೆದ ಒಂದು ಶಾಟ್ ಇತ್ತು, ಅದರಲ್ಲಿ ಹುಡುಗಿಯ ಅಪ್ಪನ ಬೆನ್ನು ಮಾತ್ರ ಕಾಣುತ್ತದೆ. ಅದನ್ನೇ ಹಾಕಿ ಕೊಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವತ್ತಿನಿಂದ ಕಾರ್ಡ್‌ನಿಂದ ಎರಡು ಬೇರೆ ಬೇರೆ ಡ್ರೈವಿಗೆ ಕಾಪಿ ಆಗಿ, ಎರಡರಲ್ಲೂ ಕ್ಲಿಪ್ ತೆರೆದು ನೋಡುವವರೆಗೆ ಫಾರ್ಮ್ಯಾಟ್ ಇಲ್ಲ. ಎಕ್ಸ್‌ಟ್ರಾ ಕಾರ್ಡ್ ಇಟ್ಟುಕೊಂಡಿದ್ದೇನೆ. ಕಾಪಿಗೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ಲೋನ್ ಟೂಲ್ ಬಳಸುತ್ತೇನೆ, ಅದು ಬರೆದದ್ದನ್ನು ಮೂಲದ ಜೊತೆ ತಾಳೆ ನೋಡುತ್ತದೆ. ಕಟ್ ಪೇಸ್ಟ್ ಅಂತೂ ಯಾವತ್ತೂ ಮಾಡಬೇಡಿ.

ಎರಡನೇ ಡಿಸ್ಕ್ ಅದೇ ಮೇಜಿನ ಮೇಲಿದ್ದರೂ ಅರ್ಧ ಪ್ರಯೋಜನ. ನನ್ನದು ಭದ್ರಾವತಿಯಲ್ಲಿ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದು ಕೊಟ್ಟು ಹಳೆಯದು ತರುತ್ತೇನೆ.

ರೈಡ್ ಬಾಕ್ಸ್ ಇದ್ದರೆ ಬ್ಯಾಕಪ್ ಬೇಡ ಅಲ್ವಾ?

ಬೇಕು. ರೈಡ್ ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಡ್ರೈವಿನ ಹಾಗೆ ಬಳಸುವುದು. ರೈಡ್ 1, ರೈಡ್ 5 ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ನೀವೇ ಫೋಲ್ಡರ್ ಅಳಿಸಿದರೆ ಎಲ್ಲ ಡಿಸ್ಕಿನಲ್ಲೂ ಅಳಿಯುತ್ತದೆ. ಡೇಟಾವನ್ನು ಎರಡು ಡಿಸ್ಕಿಗೆ ಹಂಚುವ ರೈಡ್ 0 ಆದರೆ ಒಂದು ಡಿಸ್ಕ್ ಹೋದರೂ ಎರಡರದ್ದೂ ಹೋಯಿತು. ಒಬ್ಬರೇ ಕೆಲಸ ಮಾಡುವ ರೂಮಿಗೆ ಇದೆಲ್ಲ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಕ್ಲೌಡ್‌ನಲ್ಲಿ ಇಟ್ಟರೆ?

ಅಪ್‌ಲೋಡ್ ವೇಗ 20 ಮೆಗಾಬಿಟ್ ಇದ್ದರೆ 1 ಟಿಬಿ ಹೋಗಲು ನಾಲ್ಕೂವರೆ ದಿನಕ್ಕಿಂತ ಜಾಸ್ತಿ, ಅದೂ ಒಂದು ನಿಮಿಷ ಲೈನ್ ಕಡಿಯದಿದ್ದರೆ. ಮರದ ಕೊಂಬೆ ವೈರ್ ಮೇಲೆ ಬೀಳುವ ಕಾಲದಲ್ಲಿ ಇದು ಆಗದ ಮಾತು. ಫೈನಲ್ ವಿಡಿಯೋ ಮತ್ತು ಪ್ರಾಜೆಕ್ಟ್ ಫೈಲ್ ಮಾತ್ರ ಕಳಿಸಿ.

ಪ್ರಾಜೆಕ್ಟ್ ಫೈಲ್ ಅಂದರೆ? ಫುಟೇಜ್ ಫೋಲ್ಡರ್ ಇದ್ದರೆ ಸಾಲದಾ?

ರಿಸಾಲ್ವ್‌ನಲ್ಲಿ ನಿಮ್ಮ ಕಟ್, ಕಲರ್ ಎಲ್ಲ ಇರುವುದು ಅದರದೇ ಡೇಟಾಬೇಸ್‌ನಲ್ಲಿ. ಫುಟೇಜ್ ಪಕ್ಕದಲ್ಲಿ ಅಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದಾಗ ವಾರದ ಕೆಲಸ ಮಾಯವಾಗುವುದು ಹೀಗೇ. ದಿನದ ಕೊನೆಗೆ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿ ಫುಟೇಜ್ ಜೊತೆ ಇಡಿ. ಕ್ಯಾಶ್ ಫೋಲ್ಡರ್ ಬ್ಯಾಕಪ್ ಬೇಡ, ಅದು ಮತ್ತೆ ಹುಟ್ಟುತ್ತದೆ.

ಹಳೆ ಮದುವೆಗಳನ್ನು ಎಸ್‌ಎಸ್‌ಡಿಯಲ್ಲಿ ಹಾಕಿ ಬೀರುವಿನಲ್ಲಿ ಇಡಬಹುದಾ?

ಎಸ್‌ಎಸ್‌ಡಿ ಡೇಟಾವನ್ನು ವಿದ್ಯುತ್ ಚಾರ್ಜ್ ರೂಪದಲ್ಲಿ ಹಿಡಿದಿರುತ್ತದೆ, ವರ್ಷಗಟ್ಟಲೆ ಕರೆಂಟ್ ಇಲ್ಲದಿದ್ದರೆ ಅದು ಸೋರುತ್ತದೆ. ಮೆಮೊರಿ ಚಿಪ್‌ಗಳಿಗೆ ನಿಯಮ ಮಾಡುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ಬರೆಯುವ ಆಯಸ್ಸು ಪೂರ್ತಿ ಮುಗಿದ ಡ್ರೈವ್ ಕೂಡ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಹೊಸದು ಇನ್ನೂ ಬಹಳ ಕಾಲ ಉಳಿಸಿಕೊಳ್ಳುತ್ತದೆ. ಆದರೂ ಎತ್ತಿಡಲು ನಾನು ಹಾರ್ಡ್ ಡಿಸ್ಕನ್ನೇ ನಂಬುತ್ತೇನೆ. ಅದನ್ನೂ ಆರು ತಿಂಗಳಿಗೊಮ್ಮೆ ತೆಗೆದು ಓಡಿಸುತ್ತೇನೆ.

ಯಾವ ಫಾರ್ಮ್ಯಾಟ್ ಹಾಕಲಿ?

ವಿಂಡೋಸ್ ಮಾತ್ರ ಆದರೆ ಎನ್‌ಟಿಎಫ್‌ಎಸ್. ಮ್ಯಾಕ್‌ಗೂ ಕೊಡಬೇಕಾದರೆ ಎಕ್ಸ್‌ಫ್ಯಾಟ್, ಆದರೆ ಇಜೆಕ್ಟ್ ಮಾಡದೆ ಕೀಳಬೇಡಿ, ಅದು ಕೆಡುವುದು ಸುಲಭ. ಫ್ಯಾಟ್32 ಬೇಡ, 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ.

ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ. ಈಗ?

ತಕ್ಷಣ ಕಿತ್ತಿಡಿ. ಮತ್ತೆ ಮತ್ತೆ ಹಾಕಿ ನೋಡಬೇಡಿ, ಪ್ರತಿ ಸಲ ಹೆಡ್ ಪ್ಲೇಟ್ ಕೆರೆಯುತ್ತಿರಬಹುದು. ಫ್ರಿಜ್‌ನಲ್ಲಿಡುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು, ಮನೆಯಲ್ಲೇ ಬಿಚ್ಚುವುದು ಯಾವುದೂ ಬೇಡ. ಇನ್ನೂ ಸದ್ದು ಮಾಡದ ಡಿಸ್ಕ್‌ಗಳಿಗೆ ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ. ಕೆಟ್ಟ ಜಾಗಗಳ ಲೆಕ್ಕ ಕೊಡುವ 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಏರತೊಡಗಿದರೆ ಅವತ್ತೇ ಕಾಪಿ ಮಾಡಿಕೊಳ್ಳಿ. ಸಿ7 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ತಪ್ಪು.

ಗಿರಾಕಿಗಳ ಫುಟೇಜ್ ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಅಡ್ವಾನ್ಸ್ ತಗೊಳ್ಳುವಾಗಲೇ ಬರೆದುಕೊಡಿ. ನಾನು ಆಲ್ಬಮ್ ಕೊಟ್ಟ ಮೇಲೆ ಒಂದು ವರ್ಷ ಅಂತ ಹೇಳುತ್ತೇನೆ. ಅಳಿಸುವ ಮೊದಲು ಒಂದು ಫೋನ್ ಮಾಡುತ್ತೇನೆ, ಡಿಸ್ಕ್ ತಂದುಕೊಟ್ಟರೆ ಹಾಕಿಕೊಡುತ್ತೇನೆ. ಕಾಪಿಗೆ ದುಡ್ಡು ತಗೊಳ್ಳುವುದಿಲ್ಲ. ಕೇಬಲ್ ಅವರೇ ತರಬೇಕು.